ಹಳೆ ಎಂಜಿನ್ ಆಯಿಲ್ ಮತ್ತೆ ಹೊಸದಾಗೋದು ಹೇಗೆ? ಟಿಲ್ಲರ್ ಕೆಡಿಸಿಕೊಂಡ ಮೇಲೆ ನಾನು ಕಲಿತದ್ದು



ಈ ವಾರ ನನ್ನದೇ ಒಂದು ದಡ್ಡತನದಿಂದ ಶುರು ಮಾಡ್ತೀನಿ. ಎರಡು ವರ್ಷದ ಹಿಂದಿನ ಮಾತು. ಆಗಸ್ಟ್ ತಿಂಗಳು. ಹೇಮಾವತಿ ನಾಲೆಗೆ ನೀರು ಬಿಟ್ಟಿದ್ರು. ಚನ್ನರಾಯಪಟ್ಟಣದ ಕಡೆಯ ನಮ್ಮೂರಲ್ಲಿ ಎಲ್ಲರೂ ಒಂದೇ ಸಲ ಗದ್ದೆಗೆ ಇಳಿದಿದ್ರು. ನಮ್ಮ ಪವರ್ ಟಿಲ್ಲರ್‌ಗೆ ಎಂಜಿನ್ ಆಯಿಲ್ ಬದಲಾಯಿಸೋ ಸಮಯ ಆಗಿತ್ತು. ಎರಡೂವರೆ ಲೀಟರ್ ಹೊಸ ಆಯಿಲ್‌ಗೆ ಹತ್ತಿರ ಹತ್ತಿರ ಒಂಬೈನೂರು ರೂಪಾಯಿ. ಗೊಬ್ಬರಕ್ಕೆ, ಆಳಿಗೆ ಅಂತ ಕೈ ಬರಿದಾಗಿದ್ದ ಹೊತ್ತು ಅದು.

ಹಿಂದಿನ ರಾತ್ರಿ ಮೊಬೈಲಲ್ಲಿ ಒಂದು ವಿಡಿಯೊ ನೋಡಿದ್ದೆ. "ಹಳೆ ಆಯಿಲ್ ಮನೆಯಲ್ಲೇ ಹೊಸದು ಮಾಡಿ, ಸಾವಿರಾರು ರೂಪಾಯಿ ಉಳಿಸಿ" ಅಂತ. ಕಪ್ಪು ಆಯಿಲ್ ಕಾಯಿಸ್ತಾರೆ, ಇದ್ದಿಲಲ್ಲಿ, ಬಟ್ಟೆಯಲ್ಲಿ ಸೋಸ್ತಾರೆ, ಒಂದು ಬಿಳಿ ಮಣ್ಣಿನ ಪುಡಿ ಕಲಸ್ತಾರೆ, ಕೊನೆಗೆ ಹೊಂಬಣ್ಣದ ಆಯಿಲ್ ಬರುತ್ತೆ. ಇಷ್ಟೇನಾ ಅಂದ್ಕೊಂಡೆ. ಕೊಟ್ಟಿಗೆ ಮೂಲೆಯಲ್ಲಿ ಒಂದು ಕ್ಯಾನ್ ತುಂಬ ಹಳೆ ಆಯಿಲ್ ಇತ್ತು. ಟಿಲ್ಲರ್‌ದು, ಬೈಕ್‌ದು ಎಲ್ಲ ಒಂದರಲ್ಲೇ ಸುರಿದಿದ್ವಿ. ಎರಡು ದಿನ ಕೂತು ಸೋಸಿದೆ. ವಿಡಿಯೊದಲ್ಲಿದ್ದ ಹೊಂಬಣ್ಣ ಬರಲಿಲ್ಲ, ಆದ್ರೂ ಕಡು ಟೀ ಡಿಕಾಕ್ಷನ್ ಬಣ್ಣಕ್ಕೆ ಬಂತು. ಖುಷಿಯಿಂದ ಟಿಲ್ಲರ್‌ಗೆ ಹಾಕಿದೆ.

ಮೂರನೇ ದಿನ ಗದ್ದೆ ಮಧ್ಯದಲ್ಲಿ ಎಂಜಿನ್ ಒಳಗಿಂದ ಟಕ ಟಕ ಅಂತ ಸದ್ದು ಶುರುವಾಯ್ತು. ಆಫ್ ಮಾಡೋಷ್ಟರಲ್ಲಿ ಹೊಗೆ ಬಂತು, ತಾನೇ ನಿಂತುಹೋಯ್ತು. ಹ್ಯಾಂಡಲ್ ಹಾಕಿ ತಿರುಗಿಸಿದ್ರೆ ಅಲ್ಲಾಡಲ್ಲ. ಮೇಸ್ತ್ರಿ ಬಂದು ಬಿಚ್ಚಿದ್ರು. ಬೇರಿಂಗ್ ಸವೆದಿತ್ತು, ಕ್ರ್ಯಾಂಕ್ ಮೇಲೆ ಗೀರು ಬಿದ್ದಿತ್ತು, ಪಿಸ್ಟನ್ ರಿಂಗ್ ಅಂಟಿಕೊಂಡಿತ್ತು. ಬಿಲ್ 13,800 ರೂಪಾಯಿ. ದುಡ್ಡು ಹೋಗ್ಲಿ ಅಂದ್ರೆ, ಟಿಲ್ಲರ್ ವಾಪಸ್ ಬರೋಕೆ ಹನ್ನೊಂದು ದಿನ ಆಯ್ತು. ಬಾಡಿಗೆಗೆ ಹುಡುಕಿದ್ರೆ ಊರಲ್ಲಿ ಒಬ್ಬರದ್ದೂ ಖಾಲಿ ಇಲ್ಲ. ಒಟ್ಲಲ್ಲಿ ಪೈರು ಬಲಿತುಹೋಯ್ತು. ಆ ವರ್ಷ ತೆಂಡೆ ಸರಿಯಾಗಿ ಒಡೀಲಿಲ್ಲ, ಇಳುವರಿನೂ ಅಷ್ಟಕ್ಕಷ್ಟೇ.

"ಏನಣ್ಣ, ಚೆನ್ನಾಗೇ ಸೋಸಿದ್ನಲ್ಲ" ಅಂದೆ ಮೇಸ್ತ್ರಿಗೆ.

"ಸೋಸಿದ್ರೆ ಕಸ ಹೋಗುತ್ತೆ ಕಣಪ್ಪಾ, ಒಳಗಿನ ರೋಗ ಹೋಗಲ್ಲ. ಬಣ್ಣ ನೋಡಿ ಆಯಿಲ್ ಹಾಕ್ತೀಯಾ?" ಅಂದ್ರು.

ಆಮೇಲೆ ಅವರು ಹೇಳಿದ ಇನ್ನೊಂದು ಮಾತು ನನಗೆ ವಿಚಿತ್ರ ಅನ್ನಿಸ್ತು. ಅವರ ಶೆಡ್‌ನಲ್ಲಿ ಇಳಿಸೋ ಹಳೆ ಆಯಿಲ್ ಎಲ್ಲ ಡ್ರಮ್‌ನಲ್ಲಿ ತುಂಬಿ ಒಂದು ಫ್ಯಾಕ್ಟರಿಗೆ ಹೋಗುತ್ತಂತೆ. ಅಲ್ಲಿ ಅದೇ ಆಯಿಲ್‌ನಿಂದ ಮತ್ತೆ ಒಳ್ಳೆ ಆಯಿಲ್ ತಯಾರಾಗುತ್ತಂತೆ. "ನಾನು ಮಾಡಿದ್ದೂ ಅದೇ ಅಲ್ವಾ?" ಅಂದೆ. "ಒಂದ್ಸಲ ಹೋಗಿ ನೋಡ್ಕೊಂಡು ಬಾ, ಆಮೇಲೆ ಮಾತಾಡು" ಅಂದ್ರು. ಆಯಿಲ್ ಒಯ್ಯೋ ಗಾಡಿಯವರ ಮೂಲಕ ಬೆಂಗಳೂರಿನ ಹೊರವಲಯದ ಒಂದು ಘಟಕ ನೋಡೋ ಅವಕಾಶ ಸಿಕ್ತು. ಅಲ್ಲಿ ಕಂಡದ್ದು, ಆಮೇಲೆ ಓದಿ ತಿಳ್ಕೊಂಡದ್ದು ಎಲ್ಲ ಸೇರಿಸಿ ಇಲ್ಲಿ ಬರೀತಿದ್ದೀನಿ.

ಆಯಿಲ್ ಸಾಯಲ್ಲ, ಸುಸ್ತಾಗುತ್ತೆ

ಮೊದಲು ಡಬ್ಬಿಯೊಳಗೆ ಏನಿರುತ್ತೆ ನೋಡೋಣ. ಎಂಜಿನ್ ಆಯಿಲ್‌ನಲ್ಲಿ ನೂರಕ್ಕೆ ಸುಮಾರು 80ರಿಂದ 90 ಭಾಗ ಬೇಸ್ ಆಯಿಲ್. ಇದು ಕಚ್ಚಾ ತೈಲದಿಂದ ತೆಗೆದ ಮೂಲ ಎಣ್ಣೆ. ಉಳಿದದ್ದು ಅಡಿಟಿವ್, ಅಂದ್ರೆ ಬೇರೆ ಬೇರೆ ಕೆಲಸಕ್ಕೆ ಸೇರಿಸೋ ರಾಸಾಯನಿಕಗಳು. ಒಂದು ಎಂಜಿನ್ ಒಳಗಿನ ಕೊಳೆ ತೊಳೆಯುತ್ತೆ. ಇನ್ನೊಂದು ಆ ಕೊಳೆ ಗಡ್ಡೆಕಟ್ಟದ ಹಾಗೆ ಎಣ್ಣೆಯಲ್ಲೇ ತೇಲಿಸಿ ಇಡುತ್ತೆ. ಮತ್ತೊಂದು ಡೀಸೆಲ್ ಉರಿದಾಗ ಹುಟ್ಟೋ ಹುಳಿಯನ್ನ, ಅಂದ್ರೆ ಆಮ್ಲವನ್ನ, ಕೊಲ್ಲುತ್ತೆ. ಸತು ಮತ್ತು ರಂಜಕ ಇರೋ ಒಂದು ಅಡಿಟಿವ್ ಲೋಹ ಲೋಹಕ್ಕೆ ಉಜ್ಜದ ಹಾಗೆ ತೆಳು ಪದರ ಕಟ್ಟುತ್ತೆ.

ಎಂಜಿನ್ ಓಡ್ತಾ ಓಡ್ತಾ ಖರ್ಚಾಗೋದು ಮುಖ್ಯವಾಗಿ ಈ ಅಡಿಟಿವ್‌ಗಳು. ಜೊತೆಗೆ ಮಸಿ, ನೀರು, ಉರಿಯದ ಡೀಸೆಲ್, ಲೋಹದ ಪುಡಿ, ಧೂಳು ಬಂದು ಸೇರ್ಕೊಳ್ಳುತ್ತೆ. ಶಾಖಕ್ಕೆ ಸ್ವಲ್ಪ ಎಣ್ಣೆ ಕೆಡುತ್ತೆ ನಿಜ, ಆದ್ರೆ ಬೇಸ್ ಆಯಿಲ್‌ನ ಬಹುಪಾಲು ಹಾಗೇ ಉಳಿದಿರುತ್ತೆ. ಅದಕ್ಕೇ ಹಳೆ ಆಯಿಲ್‌ನಿಂದ ಮತ್ತೆ ಒಳ್ಳೆ ಆಯಿಲ್ ಮಾಡೋಕೆ ಸಾಧ್ಯ.

ಅಂದಹಾಗೆ, ಡೀಸೆಲ್ ಎಂಜಿನ್‌ಗೆ ಹಾಕಿದ ಹೊಸ ಆಯಿಲ್ ಕೆಲವೇ ಗಂಟೆಗಳಲ್ಲಿ ಕಪ್ಪಾಗುತ್ತೆ. ಅದು ಆಯಿಲ್ ಕೆಟ್ಟಿರೋ ಲಕ್ಷಣ ಅಲ್ಲ, ಮಸಿಯನ್ನ ಎತ್ತಿ ತನ್ನಲ್ಲಿ ಇಟ್ಕೊಳ್ಳೋ ಕೆಲಸ ಮಾಡ್ತಿದೆ ಅಂತ ಅರ್ಥ. ಹಾಗಾಗಿ ಆಯಿಲ್ ಬದಲಾಯಿಸೋದನ್ನ ಬಣ್ಣ ನೋಡಿ ತೀರ್ಮಾನ ಮಾಡ್ಬೇಡಿ. ನಿಮ್ಮ ಗಾಡಿಯ ಪುಸ್ತಕದಲ್ಲಿ ಎಷ್ಟು ಗಂಟೆಗೆ ಅಂತ ಬರೆದಿರುತ್ತೋ ಅಷ್ಟಕ್ಕೆ ಬದಲಾಯಿಸಿ.

ಬಟ್ಟೆಯಲ್ಲಿ ಸೋಸಿದ್ರೆ ಯಾಕೆ ಆಗಲ್ಲ?

ನಾನು ಎಡವಿದ್ದು ಇಲ್ಲೇ. ನಾಲ್ಕು ಕಾರಣ ಹೇಳ್ತೀನಿ.

1. ಮಸಿ ಕಣ ಬಹಳ ಸಣ್ಣದು. ಬಹುಪಾಲು ಒಂದು ಮೈಕ್ರಾನ್‌ಗಿಂತ ಕಡಿಮೆ. ನಮ್ಮ ತಲೆಕೂದಲು ಸುಮಾರು 70 ಮೈಕ್ರಾನ್ ದಪ್ಪ. ಪಂಚೆ ಬಟ್ಟೆಯ ತೂತಲ್ಲಿ ಮಸಿ ಸಲೀಸಾಗಿ ದಾಟಿಹೋಗುತ್ತೆ.

2. ಬಿಳಿ ಮಣ್ಣಿನ ಪುಡಿ ಬಣ್ಣ ಎಳ್ಕೊಳ್ಳುತ್ತೆ. ನೋಡೋಕೆ ತಿಳಿಯಾಗುತ್ತೆ. ಆದ್ರೆ ಎಣ್ಣೆಯಲ್ಲಿ ಕರಗಿ ಸೇರಿರೋ ಡೀಸೆಲ್, ಪೆಟ್ರೋಲ್ ಅಲ್ಲೇ ಉಳಿಯುತ್ತೆ. ಅದರಿಂದ ಆಯಿಲ್ ತೆಳುವಾಗುತ್ತೆ. ಬೇರಿಂಗ್ ನಡುವೆ ನಿಲ್ಲಬೇಕಾದ ಎಣ್ಣೆ ಪದರ ನಿಲ್ಲಲ್ಲ. ನನ್ನ ಕ್ಯಾನ್‌ನಲ್ಲಿ ಬೈಕ್ ಆಯಿಲ್ ಬೇರೆ ಸೇರಿತ್ತು.

3. ಖರ್ಚಾದ ಅಡಿಟಿವ್ ಸೋಸಿದ್ರೆ ವಾಪಸ್ ಬರಲ್ಲ. ಹುಳಿ ಕೊಲ್ಲೋದು, ಸವೆತ ತಡೆಯೋದು ಎರಡೂ ಇಲ್ಲದ ಬರಿ ಎಣ್ಣೆ ಹಾಕಿದ ಹಾಗೆ.

4. ಕಾಯಿಸಿದಾಗ ಹೊರಗೆ ಹೋಗೋ ಹೊಗೆಯಲ್ಲಿ ಪೆಟ್ರೋಲ್, ಡೀಸೆಲ್ ಆವಿ ಇರುತ್ತೆ. ಒಲೆ ಮೇಲೆ ಬೆಂಕಿ ಹತ್ತಿಕೊಳ್ಳೋಕೆ ಒಂದು ಕಿಡಿ ಸಾಕು. ನನಗೆ ಹಾಗೆ ಆಗ್ಲಿಲ್ಲ ಅನ್ನೋದು ನನ್ನ ಪುಣ್ಯ.

ಆ ವಿಡಿಯೊದಲ್ಲಿ ಆಯಿಲ್ ತಿಳಿಯಾಗೋವರೆಗೆ ತೋರಿಸಿದ್ರು. ಆ ಆಯಿಲ್ ಹಾಕಿದ ಎಂಜಿನ್ ನೂರು ಗಂಟೆ ಓಡಿದ್ದು ತೋರಿಸ್ಲಿಲ್ಲ. ಇನ್ಮೇಲೆ ಇಂಥ ವಿಡಿಯೊ ನೋಡಿದ್ರೆ ಆ ಪ್ರಶ್ನೆ ಕೇಳ್ಕೊಳ್ಳಿ.

ಫ್ಯಾಕ್ಟರಿಯಲ್ಲಿ ಏನು ನಡೆಯುತ್ತೆ?

ಅಲ್ಲಿ ಮಾಡೋದು ಸೋಸೋದಲ್ಲ, ಮರುಸಂಸ್ಕರಣೆ. ಕಚ್ಚಾ ತೈಲವನ್ನ ರಿಫೈನರಿಯಲ್ಲಿ ಹೇಗೆ ಬೇರ್ಪಡಿಸ್ತಾರೋ ಹಳೆ ಆಯಿಲ್‌ನೂ ಹಾಗೇ ಬೇರ್ಪಡಿಸ್ತಾರೆ.

ಗಾಡಿ ಬಂದ ಕೂಡಲೇ ಮೊದಲು ಪರೀಕ್ಷೆ. ನೀರೆಷ್ಟಿದೆ, ಸೀಸದಂಥ ಲೋಹ ಎಷ್ಟಿದೆ, ಹಳೆ ಟ್ರಾನ್ಸ್‌ಫಾರ್ಮರ್‌ಗಳಲ್ಲಿ ಇರ್ತಿದ್ದ ಪಿಸಿಬಿ ಅನ್ನೋ ವಿಷ ಸೇರಿದೆಯಾ ನೋಡ್ತಾರೆ. ನಮ್ಮ ದೇಶದ ನಿಯಮದ ಪ್ರಕಾರ ಮರುಸಂಸ್ಕರಣೆಗೆ ಹೋಗೋ ಹಳೆ ಆಯಿಲ್‌ನಲ್ಲಿ ಸೀಸ 100 ಪಿಪಿಎಂ ದಾಟಬಾರದು.

ಎರಡನೇ ಹಂತ ನೀರು ತೆಗೆಯೋದು. ಮುಚ್ಚಿದ ಪಾತ್ರೆಯಲ್ಲಿ ಬಿಸಿ ಮಾಡಿದಾಗ ನೀರು, ಪೆಟ್ರೋಲ್ ಆವಿಯಾಗಿ ಬೇರೆ ಪೈಪ್‌ನಲ್ಲಿ ಹೋಗುತ್ತೆ. ಅದಾದ ಮೇಲೆ ಇನ್ನಷ್ಟು ಬಿಸಿ ಮಾಡಿ ಡೀಸೆಲ್ ಅಂಶ ತೆಗೀತಾರೆ.

ಮೂರನೇ ಹಂತವೇ ಮುಖ್ಯ. ಬೇಸ್ ಆಯಿಲ್‌ನ್ನ ಆವಿ ಮಾಡಿ ಮತ್ತೆ ತಣಿಸಿ ಹಿಡಿಯಬೇಕು. ತೊಂದರೆ ಏನಂದ್ರೆ, ನಾವಿರೋ ಗಾಳಿಯ ಒತ್ತಡದಲ್ಲಿ ಈ ಎಣ್ಣೆ ಆವಿಯಾಗೋಕೆ 350 ಡಿಗ್ರಿಗಿಂತ ಮೇಲೆ ಕಾಯಿಸಬೇಕು. ಅಷ್ಟು ಕಾಯಿಸಿದ್ರೆ ಎಣ್ಣೆಯೇ ಒಡೆದು ಸೀದುಹೋಗುತ್ತೆ. ಅದಕ್ಕೆ ಪಾತ್ರೆಯೊಳಗಿನ ಗಾಳಿಯನ್ನ ಪಂಪ್ ಹಾಕಿ ಎಳೆದು ನಿರ್ವಾತ ಮಾಡ್ತಾರೆ. ಮನೆ ಕುಕ್ಕರ್ ನೆನಪಿಸ್ಕೊಳ್ಳಿ. ಕುಕ್ಕರ್‌ನಲ್ಲಿ ಒತ್ತಡ ಹೆಚ್ಚು, ಹಾಗಾಗಿ ನೀರು 100 ಡಿಗ್ರಿ ದಾಟಿದ ಮೇಲೆ ಕುದಿಯುತ್ತೆ. ಇಲ್ಲಿ ಅದರ ಉಲ್ಟಾ. ಒತ್ತಡ ಕಡಿಮೆ ಮಾಡಿದ್ರೆ ಎಣ್ಣೆ ಕಡಿಮೆ ಶಾಖಕ್ಕೇ ಆವಿಯಾಗುತ್ತೆ, ಸೀಯಲ್ಲ. ಕೆಲವು ಕಡೆ ಎಣ್ಣೆಯನ್ನ ಬಿಸಿ ಗೋಡೆ ಮೇಲೆ ದೋಸೆಗಿಂತ ತೆಳ್ಳಗೆ ಹರಡಿ ಆವಿ ಮಾಡ್ತಾರೆ. ಇದಕ್ಕೆ ಥಿನ್ ಫಿಲ್ಮ್ ವಿಧಾನ ಅಂತಾರೆ.

ಆವಿ ಮೇಲೆ ಹೋಯ್ತು, ತಣಿದು ಬೇಸ್ ಆಯಿಲ್ ಆಯ್ತು. ಮಸಿ, ಲೋಹ, ಹಳೆ ಅಡಿಟಿವ್ ಎಲ್ಲ ಕೆಳಗೆ ಕಪ್ಪು ಗೊಜ್ಜಿನ ಹಾಗೆ ಉಳಿಯಿತು. ಅದನ್ನೂ ಎಸೆಯಲ್ಲ, ಡಾಂಬರಿನ ಕೆಲಸಕ್ಕೆ ಬಳಸೋ ಪದ್ಧತಿ ಇದೆ.

ನಾಲ್ಕನೇ ಹಂತ ಕೊನೆಯ ಶುದ್ಧಿ. ಆವಿಯಿಂದ ಬಂದ ಎಣ್ಣೆಗೂ ಸ್ವಲ್ಪ ವಾಸನೆ, ಬಣ್ಣ, ಗಂಧಕ ಇರುತ್ತೆ. ಒಂದೋ ಶುದ್ಧಿ ಮಾಡೋ ಜೇಡಿಮಣ್ಣಿನ ಮೂಲಕ ಹಾಯಿಸ್ತಾರೆ, ಇಲ್ಲ ಹೆಚ್ಚಿನ ಒತ್ತಡದಲ್ಲಿ ಹೈಡ್ರೋಜನ್ ಅನಿಲ ಹಾಯಿಸ್ತಾರೆ. ಹೈಡ್ರೋಜನ್ ವಿಧಾನದಲ್ಲಿ ಗಂಧಕ, ಕ್ಲೋರಿನ್ ಮುಂತಾದವು ಚೆನ್ನಾಗಿ ಹೋಗಿ ಉತ್ತಮ ದರ್ಜೆಯ ಬೇಸ್ ಆಯಿಲ್ ಬರುತ್ತೆ.

ಕೊನೆಗೆ ಲ್ಯಾಬ್‌ನಲ್ಲಿ ಸ್ನಿಗ್ಧತೆ, ಅಂದ್ರೆ ಎಷ್ಟು ಗಟ್ಟಿ ಎಷ್ಟು ತೆಳು ಅನ್ನೋದು, ಬೆಂಕಿ ಹಿಡಿಯೋ ಶಾಖ, ಬಣ್ಣ ಎಲ್ಲ ಪರೀಕ್ಷೆ ಮಾಡ್ತಾರೆ. ಪಾಸಾದ ಬೇಸ್ ಆಯಿಲ್‌ಗೆ ಹೊಸ ಅಡಿಟಿವ್ ಲೆಕ್ಕ ಹಾಕಿ ಬೆರೆಸಿದ ಮೇಲಷ್ಟೇ ಅದು ಎಂಜಿನ್ ಆಯಿಲ್, ಗೇರ್ ಆಯಿಲ್, ಹೈಡ್ರಾಲಿಕ್ ಆಯಿಲ್ ಆಗೋದು. ಅಲ್ಲಿದ್ದ ಲ್ಯಾಬ್ ಹುಡುಗ ಎರಡು ಶೀಶೆ ತೋರಿಸಿದ. ಒಂದರಲ್ಲಿ ಒಳಗೆ ಬಂದ ಕಪ್ಪು ಆಯಿಲ್, ಇನ್ನೊಂದರಲ್ಲಿ ಹೊರಗೆ ಹೋಗೋ ಬೇಸ್ ಆಯಿಲ್. ಎರಡನೆಯದು ಹೆಚ್ಚುಕಮ್ಮಿ ನೀರಿನಷ್ಟೇ ತಿಳಿ. ನನ್ನ ಟೀ ಡಿಕಾಕ್ಷನ್ ನೆನಪಾಗಿ ನಾಚಿಕೆ ಆಯ್ತು.

ಒಂದು ಲೆಕ್ಕ

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಕೊಡೋ ಲೆಕ್ಕ ಒಂದಿದೆ. ಸುಮಾರು 2.4 ಲೀಟರ್ ಲೂಬ್ರಿಕೇಟಿಂಗ್ ಆಯಿಲ್ ತಯಾರಿಸೋಕೆ ಒಂದು ಬ್ಯಾರೆಲ್, ಅಂದ್ರೆ 159 ಲೀಟರ್ ಕಚ್ಚಾ ತೈಲ ಬೇಕು. ಅಷ್ಟೇ ಆಯಿಲ್ ಹಳೆ ಆಯಿಲ್‌ನಿಂದ ಮಾಡೋಕೆ 3.8 ಲೀಟರ್ ಸಾಕು. ಒಂದು ಬ್ಯಾರೆಲ್ ಕಚ್ಚಾ ತೈಲದಲ್ಲಿ ಪೆಟ್ರೋಲ್, ಡೀಸೆಲ್ ಎಲ್ಲ ಬರುತ್ತೆ, ಲೂಬ್ರಿಕೇಟಿಂಗ್ ಆಯಿಲ್‌ನ ಪಾಲು ಚಿಕ್ಕದು. ಹಳೆ ಆಯಿಲ್‌ನಲ್ಲಿ ಅದೇ ದೊಡ್ಡ ಪಾಲು. ವ್ಯತ್ಯಾಸ ಅಷ್ಟೇ. ನಮ್ಮ ದೇಶ ಕಚ್ಚಾ ತೈಲದ ಬಹುಪಾಲನ್ನ ಹೊರಗಿಂದ ತರಿಸ್ಕೊಳ್ಳೋದು ನಿಮಗೆ ಗೊತ್ತೇ ಇದೆ.

ನಮ್ಮೂರಿನ ಲೆಕ್ಕವನ್ನೂ ನಾನೇ ಕೂತು ಹಾಕಿದೆ. 14 ಟ್ರ್ಯಾಕ್ಟರ್, ವರ್ಷಕ್ಕೆ ಮೂರು ಸಲ, ಸಲಕ್ಕೆ 7 ಲೀಟರ್: 294 ಲೀಟರ್. 9 ಟಿಲ್ಲರ್, ನಾಲ್ಕು ಸಲ, ಎರಡೂವರೆ ಲೀಟರ್: 90 ಲೀಟರ್. 120 ಬೈಕ್, ಮೂರು ಸಲ, ಒಂದೊಂದು ಲೀಟರ್: 360 ಲೀಟರ್. ಒಟ್ಟು 744 ಲೀಟರ್. 210 ಲೀಟರ್‌ನ ದೊಡ್ಡ ಡ್ರಮ್‌ನಲ್ಲಿ ಮೂರೂವರೆ ಡ್ರಮ್ ಆಯ್ತು. ಒಂದು ಸಣ್ಣ ಊರಿಂದ, ಒಂದು ವರ್ಷಕ್ಕೆ. ಇದರಲ್ಲಿ ಟ್ರ್ಯಾಕ್ಟರ್‌ನ ಗೇರ್ ಬಾಕ್ಸ್ ಆಯಿಲ್ ಸೇರಿಸಿಲ್ಲ. ನಿಮ್ಮೂರಿಗೂ ಒಂದ್ಸಲ ಹಾಕಿ ನೋಡಿ.

ಈಗ ಅದೆಲ್ಲ ಎಲ್ಲಿ ಹೋಗ್ತಿದೆ?

ನಮ್ಮಪ್ಪನ್ನೇ ತಗೊಳ್ಳಿ. ಸೊಳ್ಳೆ ಬರುತ್ತೆ ಅಂತ ಮೋರಿಗೆ ಹಳೆ ಆಯಿಲ್ ಸುರೀತಿದ್ರು. ಬೇಲಿ ಗೂಟಕ್ಕೆ ಗೆದ್ದಲು ಹತ್ತುತ್ತೆ ಅಂತ ಬುಡಕ್ಕೆ ಹಚ್ತಿದ್ರು. ಹಸುಗೆ ಉಣ್ಣೆ ಹತ್ತಿದ್ರೆ ಮೈಗೇ ಸವರ್ತಿದ್ರು. ಉಳಿದದ್ದು ಸೆಂಟ್ರಿಂಗ್ ಹಲಗೆಯವರಿಗೆ, ಇಲ್ಲ ಗುಜರಿಯವರಿಗೆ. ಅಪ್ಪನ್ನ ದೂರೋಕೆ ಹೇಳ್ತಿಲ್ಲ. ಬಿಸಾಕಬಾರದು, ಏನಾದ್ರೂ ಉಪಯೋಗಕ್ಕೆ ಬರ್ಲಿ ಅನ್ನೋ ಬುದ್ಧಿ ಅದು. ಆದ್ರೆ ಅದರೊಳಗೆ ಏನಿದೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಬಳಸಿದ ಆಯಿಲ್‌ನಲ್ಲಿ ಸವೆದ ಲೋಹ, ಅರೆಬೆಂದ ಇಂಧನದಿಂದ ಹುಟ್ಟೋ ಕ್ಯಾನ್ಸರ್‌ಕಾರಕ ವಸ್ತುಗಳು ಇರುತ್ತೆ. ಸರಿಯಾಗಿ ಸಂಸ್ಕರಿಸದ ಖನಿಜ ತೈಲವನ್ನ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮನುಷ್ಯರಿಗೆ ಕ್ಯಾನ್ಸರ್ ತರೋ ಮೊದಲ ಗುಂಪಿಗೇ ಸೇರಿಸಿದೆ. ಮೇಲಿಂದ ಮೇಲೆ ಬರಿಗೈಯಲ್ಲಿ ಮುಟ್ಟೋದು ಒಳ್ಳೇದಲ್ಲ. ಹಸು ಮೈ ನೆಕ್ಕಿಕೊಳ್ಳುತ್ತೆ, ನಾವು ಅದರ ಹಾಲು ಕುಡೀತೀವಿ. ಉಣ್ಣೆಗೆ ಪಶುವೈದ್ಯರ ಹತ್ರ ಔಷಧಿ ಇದೆ. ಗೂಟಕ್ಕೆ ಗೇರು ಬೀಜದ ಸಿಪ್ಪೆ ಎಣ್ಣೆ ಹಚ್ಚೋ ಹಳೇ ಪದ್ಧತಿ ಕರಾವಳಿ ಕಡೆ ಇದೆ.

ಇನ್ನು ಮಣ್ಣು, ನೀರು. ಆಯಿಲ್ ಬಿದ್ದ ಮಣ್ಣಿನ ಕಣಗಳ ನಡುವೆ ಗಾಳಿ ಆಡಲ್ಲ, ನೀರು ಇಳಿಯಲ್ಲ. ಬೇರು ಉಸಿರುಗಟ್ಟುತ್ತೆ. ನೀರಿಗೆ ಸೇರಿದ್ರೆ ಮೇಲೆ ತೆಳು ಪದರವಾಗಿ ಹರಡಿ ಮೀನಿಗೆ ಆಮ್ಲಜನಕ ಸಿಗದ ಹಾಗೆ ಮಾಡುತ್ತೆ. ಒಂದು ಸಲದ ಆಯಿಲ್ ಬದಲಾವಣೆಯಿಂದ ಬಂದ ಹಳೆ ಆಯಿಲ್ ಸುಮಾರು 38 ಲಕ್ಷ ಲೀಟರ್ ಸಿಹಿನೀರನ್ನ ಕೆಡಿಸಬಲ್ಲದು ಅಂತ ಅದೇ ಅಮೆರಿಕದ ಸಂಸ್ಥೆ ಹೇಳುತ್ತೆ. ನಮ್ಮ ಮೋರಿ ಹೋಗಿ ಸೇರೋದು ಕೆರೆಗೆ. ಕೆರೆ ಪಕ್ಕದಲ್ಲೇ ನಮ್ಮ ಬೋರ್‌ವೆಲ್.

ಗುಜರಿಗೆ ಕೊಟ್ರೆ ಮುಗೀತಲ್ಲ ಅಂತೀರಾ? ಅಲ್ಲಿಂದ ಅದು ಎಲ್ಲಿಗೆ ಹೋಗುತ್ತೆ ಅನ್ನೋದು ನಿಮ್ಮ ಕೈಯಲ್ಲಿಲ್ಲ. ಕೆಲವು ಸಲ ಗೂಡು, ಒಲೆಗಳಲ್ಲಿ ಸೌದೆ ಬದಲು ಉರಿಯುತ್ತೆ. ಆಗ ಅದರಲ್ಲಿರೋ ಲೋಹ ಹೊಗೆ ಜೊತೆ ಊರ ಮೇಲೆ ಬೀಳುತ್ತೆ. ಇನ್ನು ಕೆಲವು ಸಲ ಕಳ್ಳದಾರಿಯಲ್ಲಿ ಗಂಧಕಾಮ್ಲ ಮತ್ತು ಮಣ್ಣು ಹಾಕಿ ಬಣ್ಣ ತೆಗೆದು ಬರಿ ತಿಳಿ ಎಣ್ಣೆ ಮಾಡ್ತಾರೆ. ಈ ಆಮ್ಲ ವಿಧಾನದಲ್ಲಿ ಉಳಿಯೋ ಕೆಸರು ಬಹಳ ವಿಷ. ನಮ್ಮ ದೇಶದಲ್ಲಿ ಈಗ ಅದಕ್ಕೆ ಅನುಮತಿ ಇಲ್ಲ. ಅಂಥ ಎಣ್ಣೆ ಒಳ್ಳೆ ಕಂಪನಿಯ ಹಳೆ ಡಬ್ಬಿಯಲ್ಲಿ ತುಂಬಿ ಕಡಿಮೆ ರೇಟಿಗೆ ಮತ್ತೆ ನಮ್ಮ ಕೈಗೇ ಬರುತ್ತೆ. ನಾವು ಗುಜರಿಗೆ ಹಾಕಿದ್ದೇ ನಮ್ಮ ಎಂಜಿನ್ ತಿನ್ನೋಕೆ ವಾಪಸ್ ಬಂದ ಹಾಗೆ.

ಹಾಗಾದ್ರೆ ನಾವು ಮಾಡಬೇಕಾದ್ದೇನು?

ಮರುಸಂಸ್ಕರಣೆ ನಮ್ಮ ಕೆಲಸ ಅಲ್ಲ. ಹಳೆ ಆಯಿಲ್ ಕೆಡದ ಹಾಗೆ ಹಿಡಿದಿಟ್ಟು ಸರಿಯಾದ ಕೈಗೆ ಕೊಡೋದು ನಮ್ಮ ಕೆಲಸ.

- ಎಂಜಿನ್ ಹತ್ತು ನಿಮಿಷ ಓಡಿಸಿ, ಆಫ್ ಮಾಡಿ, ಆಯಿಲ್ ಬೆಚ್ಚಗಿರುವಾಗ ಇಳಿಸಿ. ಕೊಳೆ ಜೊತೆಗೇ ಬರುತ್ತೆ. ಕುದಿಯೋಷ್ಟು ಬಿಸಿ ಇದ್ದಾಗ ಬೇಡ, ಕೈ ಸುಡುತ್ತೆ.
- ಅಗಲವಾದ ಟ್ರೇ ಇಡಿ. ನೆಲಕ್ಕೆ ಚೆಲ್ಲಿದ್ರೆ ಮರದ ಹೊಟ್ಟು, ಬೂದಿ ಹಾಕಿ ಎಳೆದು ಗುಡಿಸಿ ತೆಗೆಯಿರಿ. ನೀರು ಹಾಕಿ ತೊಳೀಬೇಡಿ.
- ಬಿಗಿ ಮುಚ್ಚಳದ ಗಟ್ಟಿ ಪ್ಲಾಸ್ಟಿಕ್ ಕ್ಯಾನ್ ಒಂದನ್ನ ಇದಕ್ಕೇ ಮೀಸಲಿಡಿ. ಹೊಸ ಆಯಿಲ್ ಬಂದ ಕ್ಯಾನೇ ಆದ್ರೆ ಇನ್ನೂ ಒಳ್ಳೇದು. ಕೀಟನಾಶಕದ ಕ್ಯಾನ್ ಬೇಡ. ನೀರಿನ ಬಾಟಲಿ, ಹಾಲಿನ ಕ್ಯಾನ್ ಬೇಡವೇ ಬೇಡ, ಯಾರಾದ್ರೂ ತಪ್ಪಾಗಿ ಬಳಸಿಬಿಡ್ತಾರೆ. ಮೇಲೆ ಮಾರ್ಕರ್‌ನಲ್ಲಿ "ಹಳೆ ಎಂಜಿನ್ ಆಯಿಲ್" ಅಂತ ದೊಡ್ಡದಾಗಿ ಬರೆಯಿರಿ.
- ಅದಕ್ಕೆ ನೀರು, ಪೆಟ್ರೋಲ್, ರೇಡಿಯೇಟರ್ ಕೂಲೆಂಟ್, ಬ್ರೇಕ್ ಆಯಿಲ್, ಪೇಂಟ್ ತಿನ್ನರ್, ಔಷಧಿ ಏನೂ ಸೇರಿಸಬೇಡಿ. ಇವು ಸೇರಿದ್ರೆ ಮರುಸಂಸ್ಕರಣೆಗೆ ಯೋಗ್ಯವಲ್ಲ ಅಂತ ತಳ್ಳಿಹಾಕ್ತಾರೆ. ಮಳೆ ನೀರು ಬೀಳದ ಜಾಗದಲ್ಲಿ, ಮಕ್ಕಳು, ದನ, ಬೆಂಕಿಯಿಂದ ದೂರ ಇಡಿ.
- ಹಳೆ ಫಿಲ್ಟರ್ ತಲೆಗೆ ತೂತು ಹಾಕಿ ರಾತ್ರಿಯಿಡೀ ಬೋರಲಾಗಿ ಇಟ್ಟರೆ ಒಳಗಿನ ಆಯಿಲ್ ಎಲ್ಲ ಇಳಿಯುತ್ತೆ. ಆ ಆಯಿಲ್‌ನ್ನೂ ಕ್ಯಾನ್‌ಗೆ ಸೇರಿಸಿ.
- ಕೈಗೆ ಗ್ಲೌಸ್ ಹಾಕಿ. ಆಯಿಲ್ ಹತ್ತಿದ ಬಟ್ಟೆ ಜೇಬಿನಲ್ಲಿ ಇಟ್ಕೊಂಡು ಓಡಾಡಬೇಡಿ.

ಯಾರಿಗೆ ಕೊಡೋದು?

ಬಳಸಿದ ಆಯಿಲ್ ನಮ್ಮ ಕಾನೂನಿನಲ್ಲಿ ಅಪಾಯಕಾರಿ ತ್ಯಾಜ್ಯ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಅದನ್ನ ಮರುಸಂಸ್ಕರಣೆ ಮಾಡೋರಿಗೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರಲೇಬೇಕು. ನಮಗೆ ಸುಲಭ ದಾರಿ ಅಂದ್ರೆ ಟ್ರ್ಯಾಕ್ಟರ್ ಅಥವಾ ಬೈಕ್ ಕಂಪನಿಯ ಸರ್ವಿಸ್ ಸೆಂಟರ್. ಅಲ್ಲೇ ಆಯಿಲ್ ಬದಲಾಯಿಸಿದ್ರೆ ಹಳೇದನ್ನ ಅವರೇ ಇಟ್ಕೊಳ್ತಾರೆ. ಮನೆಯಲ್ಲಿ ಬದಲಾಯಿಸೋರು ಕ್ಯಾನ್ ತುಂಬಿದಾಗ ಅಲ್ಲಿಗೆ ಒಯ್ದು ತಗೋತೀರಾ ಅಂತ ಕೇಳಿ. ನಿಮ್ಮ ಆಯಿಲ್ ತಗೊಳ್ಳೋ ಮೆಕ್ಯಾನಿಕ್‌ಗೆ ಒಂದೇ ಪ್ರಶ್ನೆ ಕೇಳಿ: "ಅಣ್ಣ, ಇದನ್ನ ಒಯ್ಯೋರಿಗೆ ಮಂಡಳಿ ಅನುಮತಿ ಇದೆಯಾ?"

ಇನ್ನೊಂದು ಒಳ್ಳೆ ಸುದ್ದಿ. 2023ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಈ ನಿಯಮಗಳಿಗೆ ತಿದ್ದುಪಡಿ ತಂದಿದೆ. 2024ರ ಏಪ್ರಿಲ್ 1ರಿಂದ ಆಯಿಲ್ ತಯಾರಿಸಿ ಮಾರೋ ಕಂಪನಿಗಳೇ ಹಳೆ ಆಯಿಲ್ ಮರುಬಳಕೆಯ ಹೊಣೆ ಹೊರಬೇಕು. ಮೊದಲ ವರ್ಷ ಶೇ 5ರಿಂದ ಶುರುವಾಗಿ ಹಂತ ಹಂತವಾಗಿ ಶೇ 50ರವರೆಗೆ ಗುರಿ ಏರುತ್ತೆ. ಸಂಗ್ರಹ ಮಾಡೋರು, ಮರುಸಂಸ್ಕರಣೆ ಮಾಡೋರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್‌ನಲ್ಲಿ ನೋಂದಣಿ ಆಗಬೇಕು. ಕಂಪನಿಗಳಿಗೆ ಇನ್ಮೇಲೆ ನಮ್ಮ ಹಳೆ ಆಯಿಲ್ ಬೇಕಾಗುತ್ತೆ. ನಾವು ಶುದ್ಧವಾಗಿ ಇಟ್ಟಿದ್ರೆ ಅದಕ್ಕೊಂದು ಬೆಲೆನೂ ಇರುತ್ತೆ.

ಮರುಸಂಸ್ಕರಿಸಿದ ಆಯಿಲ್ ಹಾಕಬಹುದಾ?

ಹಾಕಬಹುದು, ಒಂದು ಷರತ್ತಿನ ಮೇಲೆ. ನಿಮ್ಮ ಎಂಜಿನ್ ಪುಸ್ತಕ ಕೇಳೋ ದರ್ಜೆ ಆ ಡಬ್ಬಿ ಮೇಲೆ ಇರಬೇಕು. ಉದಾಹರಣೆಗೆ 15ಡಬ್ಲ್ಯು-40, ಎಪಿಐ ಸಿಐ-4 ಅಂತ ಪುಸ್ತಕದಲ್ಲಿದ್ರೆ ಡಬ್ಬಿ ಮೇಲೂ ಅದೇ ಇರಬೇಕು. ಆ ದರ್ಜೆಯ ಪರೀಕ್ಷೆ ಪಾಸಾಗಿದ್ರೆ ಬೇಸ್ ಆಯಿಲ್ ನೆಲದಿಂದ ಬಂದದ್ದಾ, ಹಳೆ ಆಯಿಲ್‌ನಿಂದ ಬಂದದ್ದಾ ಅನ್ನೋದು ಎಂಜಿನ್‌ಗೆ ಗೊತ್ತಾಗಲ್ಲ. ಅಮೆರಿಕದಲ್ಲಿ ಸರ್ಕಾರಿ ಇಲಾಖೆಗಳು ಮರುಸಂಸ್ಕರಿಸಿದ ಆಯಿಲ್ ಖರೀದಿಗೆ ಆದ್ಯತೆ ಕೊಡಬೇಕು ಅಂತ 1993ರಲ್ಲೇ ಅಧ್ಯಕ್ಷರ ಆದೇಶ ಬಂದಿತ್ತು.

ಕೊಳ್ಳುವಾಗ ಇಷ್ಟು ನೋಡಿ. ಸೀಲ್ ಒಡೆದಿರಬಾರದು. ತಯಾರಕರ ಹೆಸರು, ಬ್ಯಾಚ್ ನಂಬರ್, ತಿಂಗಳು, ಬೆಲೆ ಸರಿಯಾಗಿ ಅಚ್ಚಾಗಿರಬೇಕು. ಕ್ಯೂಆರ್ ಕೋಡ್ ಇದ್ರೆ ಅಂಗಡಿಯಲ್ಲೇ ಮೊಬೈಲಲ್ಲಿ ಸ್ಕ್ಯಾನ್ ಮಾಡಿ. ಬಿಲ್ ಕೇಳಿ. ಲೂಸ್ ಆಯಿಲ್, "ರೀಸೈಕಲ್ ಮಾಡಿದ್ದು ಅಣ್ಣ, ಅರ್ಧ ರೇಟು" ಅಂತ ಹೆಸರಿಲ್ಲದ ಡಬ್ಬಿಯಲ್ಲಿ ಬರೋದು ಬೇಡ. ಮತ್ತೆ, ನಿಮ್ಮ ಖಾಲಿ ಡಬ್ಬಿಗಳಲ್ಲಿ ಹಳೆ ಆಯಿಲ್‌ಗೆ ಬೇಕಾದಷ್ಟು ಮಾತ್ರ ಇಟ್ಕೊಳ್ಳಿ. ಉಳಿದವನ್ನ ಕತ್ತರಿಸಿಯೇ ಗುಜರಿಗೆ ಹಾಕಿ. ಇಲ್ಲಾಂದ್ರೆ ಅದರಲ್ಲೇ ನಕಲಿ ತುಂಬ್ತಾರೆ.

ನಮ್ಮೂರಲ್ಲಿ ಈಗ

ಟಿಲ್ಲರ್ ರಿಪೇರಿಯಾಗಿ ಬಂದ ಮೇಲೆ ನಾವು ಆರೇಳು ಜನ ಹುಡುಗರು ಸೇರಿ ಮೇಸ್ತ್ರಿ ಹತ್ರ ಮಾತಾಡಿದ್ವಿ. ಅವರ ಶೆಡ್‌ನಲ್ಲಿರೋ ಡ್ರಮ್‌ಗೇ ಊರಿನವರ ಹಳೆ ಆಯಿಲ್‌ನೂ ಹಾಕೋದು ಅಂತ ಒಪ್ಪಂದ. ಕ್ಯಾನ್ ತಂದಾಗ ಅವರು ಮೊದಲು ಒಂದು ಗಾಜಿನ ಲೋಟದಲ್ಲಿ ಸ್ವಲ್ಪ ಹಾಕಿ ಇಡ್ತಾರೆ. ತಳದಲ್ಲಿ ನೀರು ಕಂಡ್ರೆ ವಾಪಸ್. ವಾಟ್ಸಾಪ್ ಗುಂಪಲ್ಲಿ ಗಾಡಿ ಬರೋ ದಿನ ಹಾಕ್ತಾರೆ. ಮೊದಲ ವರ್ಷ ಎರಡೂವರೆ ಡ್ರಮ್ ಆಯ್ತು. ಬಂದ ದುಡ್ಡು ದೊಡ್ಡದೇನಲ್ಲ. ಶೆಡ್ ಖರ್ಚು ಕಳೆದು ಉಳಿದಿದ್ರಲ್ಲಿ ಎಲ್ಲರಿಗೂ ಒಂದೊಂದು ಜೊತೆ ಗ್ಲೌಸ್, ಎರಡು ಟ್ರೇ ತಂದ್ವಿ.

ಕೆಲವರು ಈಗ್ಲೂ ಮೋರಿಗೆ ಸುರೀತಾರೆ. ಜಗಳ ಆಡಿ ಪ್ರಯೋಜನ ಇಲ್ಲ. ನನ್ನ 13,800 ರೂಪಾಯಿ ಬಿಲ್ ಫೋಟೊ ತೋರಿಸ್ತೀನಿ, ಅದು ಸ್ವಲ್ಪ ಕೆಲಸ ಮಾಡುತ್ತೆ. ಕಳೆದ ತಿಂಗಳು ಟಿಲ್ಲರ್ ಆಯಿಲ್ ಇಳಿಸೋಕೆ ಕೂತಾಗ ಅಪ್ಪ ತಾವೇ ಕ್ಯಾನ್ ತಂದು ಪಕ್ಕದಲ್ಲಿ ಇಟ್ರು. "ಚೆಲ್ಬೇಡ, ಕೆರೆಗೆ ಹೋಗುತ್ತೆ" ಅಂದ್ರು. ನಾನು ಏನೂ ಮಾತಾಡ್ಲಿಲ್ಲ.

ಈ ವಾರ ನಿಮ್ಮ ಕೆಲಸ ಇಷ್ಟೇ: ಕೊಟ್ಟಿಗೆಯಲ್ಲಿರೋ ಹಳೆ ಆಯಿಲ್ ಕ್ಯಾನ್ ಹುಡುಕಿ, ಮುಚ್ಚಳ ಬಿಗಿ ಮಾಡಿ, ಹೆಸರು ಬರೆದು ಇಡಿ. ಆಮೇಲೆ ಹತ್ತಿರದ ಸರ್ವಿಸ್ ಸೆಂಟರ್‌ಗೆ ಒಂದು ಫೋನ್ ಮಾಡಿ. ಮುಂದಿನ ವಾರ ಮತ್ತೆ ಸಿಗೋಣ.